ದಾರದಲ್ಲಿ ತೂಗಿದ ಹುಣಸೆ

ಹೋದ ತಿಂಗಳು ಜೇವರ್ಗಿಯಿಂದ ಬರುವ ಬಸ್ಸಿನಲ್ಲಿ ನನ್ನ ಪಕ್ಕ ಒಬ್ಬ ಹೆಣ್ಣುಮಗಳು ಕುಳಿತಿದ್ದಳು. ಅವಳ ಕಾಲಡಿ ಒಂದು ಬುಟ್ಟಿ, ಬುಟ್ಟಿಯ ಮೇಲೆ ಒದ್ದೆ ಬಟ್ಟೆ. ಭೀಮಾ ನದಿಯ ಸೇತುವೆಗೆ ಬಂದಾಗ ಗಾಳಿ ಬೀಸಿ ಬಟ್ಟೆಯ ಅಂಚು ಎದ್ದಿತು ನೋಡಿ, ಹೊಸ ಹುಣಸೆಯ ವಾಸನೆ ಮೂಗಿಗೆ ಬಡಿಯಿತು. ಅಂಗಡಿಯಲ್ಲಿ ಸಿಗುವ ಕಪ್ಪು ಹುಣಸೆಯದಲ್ಲ. ಗಿಡದಿಂದ ಇಳಿದು ಎಂಟು ದಿನ ಕೂಡ ಆಗದ, ತೊಗಟೆ ಇನ್ನೂ ಬಿಡದ, ಅರ್ಧ ಹಸಿರು ಅರ್ಧ ಕೆಂಪಾದ ದೋರಗಾಯಿಯದು. ಬಾಯಲ್ಲಿ ನೀರೂರಿತು. ಕಣ್ಣಲ್ಲಿಯೂ ಊರಿತು ಅಂದರೆ ನೀವು ನಗಬಾರದು.

ಆಮೇಲೆ ಬಸ್ಸು ಎಲ್ಲಿ ನಿಂತಿತೋ, ಯಾರು ಹತ್ತಿದರೋ ನನಗೆ ತಿಳಿಯದು. ನಾನು ಹದಿನಾರು ವರ್ಷದ ಸೊಸೆಯಾಗಿ, ತಲೆಯ ಮೇಲೆ ಸೆರಗು ಹೊದ್ದು, ಹಳ್ಳದ ದಂಡೆಯ ಹುಣಸೆ ತೋಪಿನಲ್ಲಿ ನಿಂತಿದ್ದೆ.

ಕಡಗಂಚಿ ನನ್ನ ತವರು. ಮದುವೆಯಾಗಿ ಬಂದದ್ದು ಇತ್ತ ಇಜೇರಿಯ ಕಡೆ ಒಂದು ಸಣ್ಣ ಊರಿಗೆ. ಎಷ್ಟು ಸಣ್ಣದೆಂದರೆ, ಇಜೇರಿಯಲ್ಲಿ ಬಾಯಿಗೆ ಹಾಕಿಕೊಂಡ ಎಲೆಯಡಿಕೆ ಕರಗುವುದರೊಳಗೆ ಊರು ಬಂದು, ಉಗುಳುವುದರೊಳಗೆ ಮುಗಿದುಹೋಗುತ್ತಿತ್ತು. ಸುತ್ತ ಎತ್ತ ನೋಡಿದರೂ ಕರಿ ಎರೆಭೂಮಿ. ಜೋಳ ನಿಂತಾಗ ಹಸಿರು, ಕೊಯ್ದ ಮೇಲೆ ಬರಿಯ ಕಪ್ಪು, ಅದರ ಮೇಲೆ ಆಕಾಶ. ಆ ಬಯಲಿನಲ್ಲಿ ತಲೆಯೆತ್ತಿ ನಿಂತಿದ್ದವು ಅಂದರೆ ಹಳ್ಳದ ದಂಡೆಯ ಹತ್ತೊಂಬತ್ತು ಹುಣಸೆ ಮಾತ್ರ. ನಮ್ಮ ಕಡೆ ಮರಕ್ಕೂ ಗಿಡವೆಂದೇ ಹೆಸರು. ಇಬ್ಬರು ತಬ್ಬಿದರೂ ಕೈಗೆ ಕೈ ಸಿಗದಷ್ಟು ದಪ್ಪವಾದರೂ ಅದು ಗಿಡವೇ. ಹಾಗೆ ಕರೆದರೆ ಅದು ಮನೆಯ ಕೂಸಿನಂತೆ ಹತ್ತಿರವಾಗುತ್ತದೆ.

ಎರಡನೆಯ ಮಹಾಯುದ್ಧ ನಡೆದಿದ್ದ ಕಾಲವದು. ಯುದ್ಧವೆಂಬುದು ನಮ್ಮೂರಿಗೆ ಬಂದದ್ದು ಸೀಮೆಎಣ್ಣೆ ಸಿಗದಿರುವ ರೂಪದಲ್ಲಿ. ನನ್ನ ಯಜಮಾನರು ಅಫಜಲಪುರದಲ್ಲಿ ಶಾಲಾ ಮಾಸ್ತರರು, ರಜೆಗೆ ಮಾತ್ರ ಬರುತ್ತಿದ್ದರು. ಮನೆಯಲ್ಲಿ ಅತ್ತೆ, ಮಾವ, ನಾನು. ಮಾವ ಆ ಊರಿನ ಪಟವಾರಿ. ಜಮೀನು, ಬೆಳೆ, ಬಾವಿ, ಗಿಡ ಎಲ್ಲವನ್ನೂ ದಫ್ತರಿನಲ್ಲಿ ಬರೆದಿಡುವವರು. ಊರೆಲ್ಲ ಅವರನ್ನು ರಾಯರು ಅನ್ನುತ್ತಿತ್ತು. ಸೊಸೆಯಾದವಳು ಮಾವನ ಎದುರು ನಿಂತು ಮಾತಾಡುವ ಪದ್ಧತಿ ನಮ್ಮಲ್ಲಿ ಇರಲಿಲ್ಲ. ಏನಿದ್ದರೂ ಅತ್ತೆಯ ಕಿವಿಗೆ ಹೇಳಬೇಕು, ಇಲ್ಲವೆ ಬಾಗಿಲ ಮರೆಯಿಂದ.

ಪುಷ್ಯ ಮಾಸ ಬಂತು. ಬೆಳಗಿನ ಹೊತ್ತು ಹಳ್ಳದ ಮೇಲೆ ಹಾಲಿನ ಕೆನೆಯಂತೆ ಮಂಜು ಕಟ್ಟಿರುತ್ತಿತ್ತು. ಹುಣಸೆಯ ಕೆಳಗಿನ ಅರ್ಧ ಮಂಜಿನೊಳಗೆ, ಮೇಲಿನ ಅರ್ಧ ಬಿಸಿಲಿನೊಳಗೆ. ದೂರದಿಂದ ನೋಡಿದರೆ ಗಿಡಗಳು ನೆಲ ಬಿಟ್ಟು ತೇಲುತ್ತಿವೆ ಅನ್ನಿಸಬೇಕು. ಅಂಥದೊಂದು ಬೆಳಿಗ್ಗೆ ಊರಿನ ಹೆಂಗಸರೆಲ್ಲ ಕೋಲು, ಜೋಳಿಗೆ, ಹಳೆಯ ಸೀರೆ ಹಿಡಿದು ತೋಪಿಗೆ ಹೊರಟರು. ಅತ್ತೆ ನನ್ನನ್ನೂ ಕಳಿಸಿದರು.

ಮುಂದಾಳು ಹುಸೇನಬಿ. ಅರವತ್ತರ ಮುದುಕಿ, ಒಣಗಿದ ಜೋಳದ ದಂಟಿನಂಥ ದೇಹ. ಅವಳ ಗಂಡನ ಗೋರಿ ತೋಪಿನ ಒಂದು ಮೂಲೆಯಲ್ಲೇ ಇತ್ತು. ಆಡು ನುಗ್ಗಬಾರದೆಂದು ಸುತ್ತ ಮುಳ್ಳಿನ ಬೇಲಿ ಹಾಕಿದ್ದಳು. ಅವಳು ಕೈ ಎತ್ತಿದರೆ ಕೋಲು ಏಳಬೇಕು, ಇಳಿಸಿದರೆ ನಿಲ್ಲಬೇಕು. ಟೊಂಗೆ ಬಡಿದಂತೆಲ್ಲ ಹುಣಸೆ ಮಳೆಯಂತೆ ಸುರಿಯುತ್ತಿತ್ತು. ಆದರೆ ಕಾಯಿ ಇನ್ನೂ ಅರೆಬರೆ. ನನಗೆ ತಡೆಯಲಾಗಲಿಲ್ಲ.

“ಹುಸೇನಬಿ, ನಮ್ಮ ತವರಾಗ ಇಷ್ಟು ಜಲ್ದಿ ಬಡಿಯಂಗಿಲ್ಲ. ಪೂರಾ ಹಣ್ಣಾಗೋತನಕ ಬಿಡ್ತಾರ” ಅಂದೆ.

“ಅಲ್ಲಿ ಗಿಡ ಹಣ್ಣು ಬಿಡ್ತಾವ್ರಿ ಬಾಯಿ, ಅದಕ್ಕ ಬಿಡ್ತಾರ. ನಮ್ಮ ಗಿಡ ಹಣ್ಣೇ ಬಿಡಂಗಿಲ್ಲಲ್ರಿ!”

ಅವಳು ಹಾಗೆ ಅನ್ನುವುದಕ್ಕೂ ಮೇಲಿನಿಂದ ಒಂದು ದಪ್ಪ ಕಾಯಿ ಅವಳ ನೆತ್ತಿಯ ಮೇಲೆ ಬೀಳುವುದಕ್ಕೂ ಸರಿಹೋಯಿತು. ಹೆಂಗಸರೆಲ್ಲ ಹೊಟ್ಟೆ ಹಿಡಿದು ನಕ್ಕರು.

“ನೋಡ್ರಿ,” ಹುಸೇನಬಿ ತಲೆ ಸವರಿಕೊಂಡಳು, “ಬಿಡಂಗಿಲ್ಲ ಅಂದ್ರ ಸಿಟ್ಟು ಬರ್ತದ ಇದಕ್ಕ. ಏ, ಸುಮ್ನಿರಬೇ! ಗಿರ್ದಾವರ ಬರೋತನಕ ಬಾಯಿ ಮುಚ್ಕೊಂಡಿರು.”

ಗಿರ್ದಾವರ ಅಂದರೆ ವರ್ಷಕ್ಕೊಮ್ಮೆ ಊರೂರು ತಿರುಗಿ, ಪಟವಾರಿ ಬರೆದದ್ದು ಸರಿಯೋ ತಪ್ಪೋ ನೋಡುವ ಅಧಿಕಾರಿ. ಅವನ ದೌರಾ ಬರುವುದು ಮಾಘದಲ್ಲಿ. ಅದಕ್ಕೆ ಮುಂಚೆ ಗಿಡದಲ್ಲಿ ಒಂದು ಕಾಯಿಯೂ ಉಳಿಯಬಾರದು. ಅದು ಊರಿನ ಕಟ್ಟು. ಯಾಕೆಂದು ನನಗೆ ಯಾರೂ ಬಿಡಿಸಿ ಹೇಳಲಿಲ್ಲ.

ಅದು ನನಗೆ ತಿಳಿದದ್ದು ಅದೇ ದಿನ ದೀಪ ಹಚ್ಚುವ ಹೊತ್ತಿನಲ್ಲಿ. ಮಾವನ ಎರಡೂ ಕಣ್ಣಿಗೆ ಪೊರೆ ಬಂದು ಒಂದು ವರ್ಷವಾಗಿತ್ತು. ಇದು ಕಚೇರಿಗೆ ತಿಳಿದರೆ ಪಟವಾರಿಕೆ ಹೋಗುತ್ತದೆ. ನನ್ನ ಅಜ್ಜ ಕಡಗಂಚಿಯಲ್ಲಿ ಮರಳಿನ ಮೇಲೆ ಬೆರಳು ಹಿಡಿದು ನನಗೆ ಅಕ್ಷರ ಕಲಿಸಿದ್ದ. ಹಾಗಾಗಿ ದಿನಾ ಸಂಜೆ ಬಾಗಿಲ ಈಚೆ ನಾನು ದಫ್ತರು ಹಿಡಿದು ಕೂರುವುದು, ಆಚೆ ಮಾವ ಕೂತು ಕೇಳುವುದು. ಕಚೇರಿಯ ಪ್ರತಿ ಉರ್ದುವಿನಲ್ಲಿ, ಊರಿನ ಪ್ರತಿ ಕನ್ನಡದಲ್ಲಿತ್ತು. ನಾನು ಓದುತ್ತಾ ಹೋದೆ.

“ಹಳ್ಳದ ದಂಡೆ, ಸರಕಾರಿ ಜಮೀನು. ಹುಣಸೆ ಗಿಡ ಹತ್ತೊಂಬತ್ತು. ಫಲ ಬಿಡುವುದಿಲ್ಲ.”

ನನ್ನ ಕೈಗೆ ಇನ್ನೂ ಹುಣಸೆಯ ಅಂಟು ಇತ್ತು. ಒಳಗಿನ ಕೋಣೆಯಲ್ಲಿ ಎರಡು ಬುಟ್ಟಿ ತುಂಬಿಟ್ಟಿದ್ದೆವು. ಓದು ನಿಂತಿತು.

“ಯಾಕ ನಿಂತಿ, ಗೋದಾ?” ಮಾವ ಆಚೆಯಿಂದ ಕೇಳಿದರು. ಉತ್ತರಕ್ಕೆ ಕಾಯದೆ ತಾವೇ ಹೇಳಿದರು. “ನಾನೇ ಬರದೇನಿ ಅದನ್ನ. ಏಳು ವರ್ಷ ಆತು. ಆ ವರ್ಷ ಜೋಳ ಕೈಕೊಟ್ಟಿತ್ತು. ಮಂದಿ ಹುಣಸಿ ಬೀಜ ಹುರದು ತಿಂದು ದಿನಾ ದೂಡಿದ್ರು. ಹಣ್ಣು ಬಿಡೋ ಸರಕಾರಿ ಗಿಡ ಹರಾಜಿಗೆ ಹೋಗತದ. ಹರಾಜು ಹಿಡದಾವ ಕಾವಲು ಹಾಕ್ತಾನ, ಬಿದ್ದ ಹಣ್ಣೂ ಮುಟ್ಟಗೊಡಂಗಿಲ್ಲ. ಊರು ಬಂದು ಕೈಮುಗೀತು. ನಾ ಬರದೆ.”

ನಾನು ಸೆರಗಿನಿಂದ ಬೆರಳಿನ ಅಂಟು ಒರೆಸಿಕೊಂಡೆ.

“ಅವತ್ತು ಹಿಂದುಮುಂದು ನೋಡಲಿಲ್ಲ” ಅಂದರು. “ಕಣ್ಣಿಗೆ ನೂರೆಂಟು ಕಾಣ್ತಿದ್ವು, ಇದೊಂದು ಮರೀತಿದ್ದೆ. ಈಗ ಮತ್ತೇನೂ ಕಾಣೂದಿಲ್ಲ. ಆ ಒಂದು ಸಾಲು ಮಾತ್ರ ಕಾಣತದ.”

ಎರಡು ದಿನದ ಮೇಲೆ, ಸೋಮವಾರ ಮಧ್ಯಾಹ್ನ ನಾಲ್ಕು ಬಂಡಿ ಊರಿಗೆ ಬಂದವು. ಬಂಡಿಯಲ್ಲಿ ಗರಗಸ, ಕೊಡಲಿ, ಹಗ್ಗ, ಮಂದಿ. ಜೊತೆಗೆ ಇದ್ದಿಲಿನ ಗುತ್ತೇದಾರ. ಪೆಟ್ರೋಲು ಸಿಗದೆ ಮೋಟಾರುಗಳೆಲ್ಲ ಬೆನ್ನಿಗೆ ಒಲೆ ಕಟ್ಟಿಕೊಂಡು ಇದ್ದಿಲಿನ ಹೊಗೆಯಿಂದ ಓಡುತ್ತಿದ್ದ ದಿನಗಳು. ಎಲ್ಲ ಕಡೆ ಇದ್ದಿಲು ಬೇಕು. ಅವನು ಊರಿನ ಗೌಡರ ಕೈಗೆ ಕಾಗದ ಕೊಟ್ಟ.

“ಗೌಡ್ರ, ನಾ ನನ್ನ ಮನಸಿಂದ ಬಂದಿಲ್ರಿ. ಹಣ್ಣು ಬಿಡೋ ಗಿಡಕ್ಕ ಉಗುರು ಹಚ್ಚಿದ್ರೂ ಜುಲ್ಮಾನಿ ಅಂತ ಕಾಯಿದೆ ಅದ. ಬಿಡದ ಗಿಡ ಕಡೀರಿ ಅಂತ ಹುಕುಂ ಅದ. ನಿಮ್ಮೂರ ದಫ್ತರಿನಾಗ ಹತ್ತೊಂಬತ್ತು ಬಿಡದ ಗಿಡ ಅವ. ಇದಕ್ಕಂತ ಗಿರ್ದಾವರ ಸಾಹೇಬ್ರು ಈ ಸಲ ಜಲ್ದಿ, ಬೆಸ್ತಾರ ದಿನಾನ ಬರ್ತಾರ. ಅವರು ನೋಡಿ ಹೂಂ ಅಂದ್ರ ಕೊಡಲಿ ಹಾಕ್ತೇವಿ.”

ಕೆಟ್ಟ ಮನುಷ್ಯನೇನಲ್ಲ. ನಮ್ಮೂರ ನೀರು ಕುಡಿದು, ಗಿಡದ ನೆರಳಲ್ಲೇ ಒಂದು ನಿದ್ದೆ ತೆಗೆದು, ಎದ್ದು ಪ್ರತಿ ಗಿಡದ ಸೊಂಟಕ್ಕೂ ಕೆಮ್ಮಣ್ಣಿನ ಪಟ್ಟಿ ಬಳಿದ. ದೂರದಿಂದ ನೋಡಿದರೆ ಹತ್ತೊಂಬತ್ತು ಮಂದಿ ಕೆಂಪು ನಡುಕಟ್ಟು ಕಟ್ಟಿಕೊಂಡು ಎಲ್ಲಿಗೋ ಹೊರಟು ನಿಂತಂತೆ ಕಾಣುತ್ತಿತ್ತು.

ಊರು ಕಟ್ಟೆಗೆ ಸೇರಿತು. ಹೆಂಗಸರು ಒಂದು ಬದಿಗೆ. ಒಬ್ಬೊಬ್ಬರದು ಒಂದೊಂದು ಮಾತು.

“ಬ್ಯಾಸಿಗ್ಯಾಗ ಎತ್ತು ಎಲ್ಲಿ ಕಟ್ಟಬೇಕ್ರಿ?”

“ಗಿಡ ಹೋದ್ರ ಹಳ್ಳದ ದಂಡಿ ಕುಸೀತದ. ಬುಡದಾಗಿನ ಒರತಿ ಬತ್ತತದ. ನೀರಿಗಿ ಇಜೇರಿಗೆ ಹೋಗಬೇಕೇನು?”

“ಎಲ್ಲಿಂದ ಬಂದ್ರೂ ಹುಣಸಿ ಕಂಡ್ರ ಊರು ಬಂತು ಅಂತೇವಿ. ನಾಳೆ ಏನು ನೋಡಿ ಬರೂದು? ಗೌಡ್ರ ಮೀಸಿ ನೋಡೇನು?”

ನಗು ಎದ್ದು ತಟ್ಟನೆ ಬಿತ್ತು. ಗೌಡರು ನಗಲಿಲ್ಲ. “ಹಣ್ಣು ಬಿಡ್ತಾವ ಅಂತ ಖರೇ ಹೇಳೂಣು” ಅಂದರು.

“ಖರೇ ಹೇಳಿದ್ರ, ಬಿಡಂಗಿಲ್ಲ ಅಂತ ಬರದವರು ಯಾರು ಅಂತಾರ” ಅಂದ ಯಾರೋ.

ಎಲ್ಲರ ಕಣ್ಣು ನಮ್ಮ ಮನೆಯ ಕಡೆ ಹೊರಳಿತು. ಆ ದಿನ ಮಾವನಿಗೆ ಏನೂ ತಿಳಿಸಬೇಡಿರೆಂದು ಗೌಡರು ಅತ್ತೆಗೆ ಮೊದಲೇ ಹೇಳಿ ಕಳಿಸಿದ್ದರು. ಊರಿನ ಹೊಟ್ಟೆಗಾಗಿ ಬರೆದವರನ್ನು ಊರೇ ಹಿಡಿದುಕೊಡುವುದೇ? ಹಿಡಿದುಕೊಡದಿದ್ದರೆ ಗಿಡ ಹೋಗುತ್ತವೆ. 

ಹುಸೇನಬಿ ಎದ್ದಳು. “ರಾಯರ ಹೆಸರು ಯಾರೂ ಎತ್ತಬ್ಯಾಡ್ರಿ. ಇಷ್ಟು ವರ್ಷ ಬಿಟ್ಟಿರಲಿಲ್ಲ, ಈ ವರ್ಷ ಅಲ್ಲಾನ ದಯಾ, ಹೊಸದಾಗಿ ಬಿಟ್ಟಾವ ಅಂದ್ರಾತು.”

“ಎಲ್ಲಿ ಬಿಟ್ಟಾವ? ಎಲ್ಲಾ ಬಡದು ಮನ್ಯಾಗ ಇಟ್ಟೇವಲ್ಲಬೇ!”

“ಇಳಿಸಿದವರಿಗೆ ಏರಿಸಾಕ ಬರೂದಿಲ್ಲೇನು? ಕಟ್ಟೂಣು.”

ಮೊದಲು ಯಾರಿಗೂ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಯಾರೂ ಬೇಡ ಅನ್ನಲಿಲ್ಲ.

ಮಂಗಳವಾರ, ಬುಧವಾರ. ಆ ಎರಡು ದಿನಗಳನ್ನು ನಾನು ಕನಸಿನಲ್ಲಿ ಕಂಡೆನೋ ನಿಜವಾಗಿ ಕಂಡೆನೋ ಎಂದು ಈಗಲೂ ಒಮ್ಮೊಮ್ಮೆ ಅನುಮಾನ ಬರುತ್ತದೆ. ಗುತ್ತೇದಾರ ಗಿರ್ದಾವರನನ್ನು ಕರೆತರಲು ಹೋಗಿದ್ದ. ಅವನ ಮಂದಿ ಊರಾಚೆ ಇದ್ದಿಲಿನ ಕುಣಿ ತೋಡುತ್ತಿದ್ದರು. ಇತ್ತ ಮನೆಮನೆಯಿಂದ ಬುಟ್ಟಿಗಳು ತೋಪಿಗೆ ಮರಳಿದವು. ಜೋಳದ ರಾಶಿಯ ಹೊಟ್ಟು ಗಾಳಿಯಲ್ಲಿ ಹಾರಿ ಬಂದು ಬಿಸಿಲೆಲ್ಲ ಬಂಗಾರದ ಪುಡಿಯಾಗಿತ್ತು. ಆ ಪುಡಿಯೊಳಗೆ ಹೆಂಗಸರು ಏಣಿಯ ಮೇಲೆ, ಬಂಡಿಯ ಮೇಲೆ, ಒಬ್ಬರ ಹೆಗಲ ಮೇಲೆ ಒಬ್ಬರು ನಿಂತು, ಕೈ ಮೇಲೆತ್ತಿ, ಮೂರು ದಿನದ ಹಿಂದೆ ಬಡಿದು ಬೀಳಿಸಿದ್ದನ್ನು ಒಂದೊಂದಾಗಿ ಟೊಂಗೆಗೆ ಕಟ್ಟುತ್ತಿದ್ದರು. ಯಾರಿಗೂ ಆತುರವಿರಲಿಲ್ಲ. ಕೂಸಿಗೆ ಜಡೆ ಹಾಕುವಾಗ ಇರುವಂಥ ಸಮಾಧಾನ ಎಲ್ಲರ ಮುಖದಲ್ಲಿ.

ಬಾಯಿಗೆ ಮಾತ್ರ ಬಿಡುವಿರಲಿಲ್ಲ.

“ಗೌಡ್ರ ಮನೀ ಬುಟ್ಟಿ ನೋಡ್ರೇ, ಚಲೋವು ಒಳಗ ಇಟ್ಕೊಂಡು ಹುಳಕು ಕಳಿಸ್ಯಾರ!”

“ಅವನ್ನ ಮ್ಯಾಲಿನ ಟೊಂಗಿಗೆ ಕಟ್ಟಬೇ. ಸಾಹೇಬಗ ದೂರಿಂದ ಕಾಣಲಿ.”

“ಇದೇನಬೇ, ಹಣ್ಣು ತಲಿಕೆಳಗ ಕಟ್ಟೀದಿ? ಹುಣಸಿ ಎಲ್ಲ್ಯಾರ ಆಕಾಶ ನೋಡತದೇನು?”

ಕಟ್ಟುವ ದಾರದ್ದೇ ಒಂದು ಮಾತಾಯಿತು. ಬಿಳಿ ನೂಲು ತಂದವಳನ್ನು ಅತ್ತೆ ಗದರಿದರು. ಹಸಿರು ಗಿಡಕ್ಕೆ, ಅದೂ ಮುತ್ತೈದೆಯರು, ಬರಿಯ ಬಿಳಿ ದಾರ ಕಟ್ಟುವುದುಂಟೇ? ದೊಡ್ಡ ಬೋಗುಣಿಯಲ್ಲಿ ಅರಿಷಿಣ ಕದಡಿ ಎಲ್ಲ ದಾರವನ್ನೂ ಅದ್ದಿ ತೆಗೆದೆವು. ಹುಸೇನಬಿಯ ಕೇರಿಯ ಹೆಂಗಸರು ತಮ್ಮ ಮನೆಯ ಹಸಿರು ದಾರ ತಂದರು, ಹರಕೆಗೆ ಕಟ್ಟುವುದು. ಅವರವರ ಪದ್ಧತಿ ಅವರು ಬಿಡಲಿಲ್ಲ. ಬುಧವಾರ ಸಂಜೆ ಹುಣಸೆಯ ಎಲೆಗಳೆಲ್ಲ ಮಡಚಿಕೊಂಡು ಮಲಗುವ ಹೊತ್ತಿಗೆ ಹತ್ತೊಂಬತ್ತು ಗಿಡಗಳೂ ಹಣ್ಣು ತೂಗಿ ನಿಂತವು. ಗಾಳಿ ಬಂದರೆ ಸಾವಿರ ಗಂಟು ಒಟ್ಟಿಗೆ ಅಲುಗುತ್ತಿದ್ದವು. ನಾವು ನೋಡುತ್ತಾ ನಿಂತೆವು. ನಾವೇ ಕಟ್ಟಿದ್ದೆಂಬುದು ಒಂದು ಗಳಿಗೆ ನಮಗೇ ಮರೆತುಹೋಯಿತು.

ಬೆಸ್ತವಾರ ಗಿರ್ದಾವರ ಸಾಹೇಬರು ತಟ್ಟುವಿನ ಮೇಲೆ ಬಂದರು. ತೆಳ್ಳನೆಯ ಮನುಷ್ಯ, ಬಿಳಿಯ ಶೇರವಾನಿ, ಮೈತುಂಬ ದಾರಿಯ ಧೂಳು. ತೋಪಿನ ಅಂಚಿಗೆ ಬಂದವರು ಕುದುರೆ ನಿಲ್ಲಿಸಿ ಕೆಳಗಿಳಿದು ಮೇಲೆ ನೋಡಿದರು. ಬಹಳ ಹೊತ್ತು ನೋಡಿದರು. ಮುಂಜಾನೆಯ ಬಿಸಿಲು ಟೊಂಗೆಗಳ ಒಳಗೆ ಹೊಕ್ಕು, ಒಂದೊಂದು ದಾರವನ್ನೂ ತೋರಿಸುತ್ತಿತ್ತು. ಹಳದಿ, ಹಸಿರು. ಹಸಿರು, ಹಳದಿ.

“ಗೌಡ್ರೇ,” ಕೊನೆಗೆ ಕೇಳಿದರು, “ಇಲ್ಲಿ ಗಿಡ ಹಣ್ಣಿನ ಜೋಡಿ ದಾರಾನೂ ಬಿಡ್ತಾವೇನ್ರಿ?”

ಗುತ್ತೇದಾರ ಗಹಗಹಿಸಿ ನಕ್ಕ. ಅವನ ಮಂದಿ ನಕ್ಕರು. ನಮ್ಮೂರಿನವರು ನೆಲ ನೋಡಿದರು. ಎರಡು ದಿನ ಅಷ್ಟು ಜನ ಅಷ್ಟು ಮಾತಾಡಿದ್ದೆವು. ದಾರಕ್ಕೆ ಬಣ್ಣ ಹಾಕಿದರೆ ಕಾಣುತ್ತದೆಂದು ಒಬ್ಬರಿಗಾದರೂ ಹೊಳೆದಿರಲಿಲ್ಲ ನೋಡಿ.

“ಮೋಸಾ ಮಾಡಾಕತ್ತಾರ್ರಿ ಸಾಹೇಬ್ರ” ಅಂದ ಗುತ್ತೇದಾರ. “ಕೊಡಲಿ ಹಾಕಲೇನ್ರಿ?”

ಆಗ ಹಿಂದಿನಿಂದ, “ನಿಲ್ಲರಿ” ಅಂತ ಧ್ವನಿ ಬಂತು. ಮಾವ. ಅತ್ತೆಯ ಹೆಗಲ ಮೇಲೆ ಕೈಯಿಟ್ಟು, ಹೆಜ್ಜೆ ತಡವುತ್ತ ಬರುತ್ತಿದ್ದರು. ಕುದುರೆಯ ಸದ್ದು ಕೇಳಿ ಎಲ್ಲವನ್ನೂ ಅತ್ತೆಯ ಬಾಯಿಂದ ಬಿಡಿಸಿಕೊಂಡಿದ್ದರಂತೆ. ಗಿರ್ದಾವರ ನಿಂತ ಕಡೆ ಬಿಟ್ಟು, ಕುದುರೆಯ ಕಡೆ ಮುಖ ಮಾಡಿ ಕೈಮುಗಿದರು.

“ಈ ಗಿಡ ಪ್ರತಿ ವರ್ಷ ಹಣ್ಣು ಬಿಡ್ತಾವ್ರಿ. ಬಿಡಂಗಿಲ್ಲ ಅಂತ ಬರದಾವ ನಾನು. ಊರಿಂದು ತಪ್ಪಿಲ್ಲ.”

ಗಿರ್ದಾವರ ಮಾವನ ಮುಖ ನೋಡಿದರು. ಮಾವ ಕುದುರೆಗೆ ಕೈಮುಗಿದದ್ದನ್ನೂ ನೋಡಿದರು. ನಗಲಿಲ್ಲ.

“ರಾಯರೇ, ಏಳು ವರ್ಷದ ದಫ್ತರು ಬಿಡಂಗಿಲ್ಲ ಅಂತದ. ಇವತ್ತು ನೀವು ಬಿಡ್ತಾವ ಅಂತೀರಿ. ಹಣ್ಣು ನೋಡಿದ್ರ ದಾರದಾಗ ಅವ. ಗಿಡ ಉಳಸಾಕ ನೀವು ಸುಳ್ಳು ಹೇಳಾಕತ್ತಿಲ್ಲ ಅಂತ ನಾ ಹೆಂಗ ನಂಬಲಿ? ಸಬೂತು ಏನದ?”

 ಏಳು ವರ್ಷ ಇಡೀ ಊರು ಸಬೂತನ್ನೇ ಅಳಿಸುತ್ತ ಬಂದಿತ್ತು. ನನ್ನ ಕಣ್ಣು ಹುಸೇನಬಿಯ ಗಂಡನ ಗೋರಿಯ ಕಡೆ ಹೋಯಿತು. ಮುಳ್ಳಿನ ಬೇಲಿಯೊಳಗೆ, ಆಡು ಬಾಯಿ ಹಾಕದ ಜಾಗದಲ್ಲಿ, ಹುಣಸೆಯ ಸಸಿಗಳು. ಗೇಣುದ್ದದ್ದು ಒಂದಿಷ್ಟು, ಮೊಳದುದ್ದ ಒಂದಿಷ್ಟು, ನನ್ನ ಸೊಂಟಕ್ಕೆ ಬರುವಂಥವು ನಾಲ್ಕಾರು, ತಲೆಗೆ ಮುಟ್ಟುವಂಥವು ಎರಡು. ಬೀಜ ಬಿದ್ದ ಮಳೆಗಾಲಗಳು ಮೆಟ್ಟಿಲು ಮೆಟ್ಟಿಲಾಗಿ ನಿಂತಿದ್ದವು.

ನಾನು ಹೇಗೆ ಮಾತಾಡಿದೆನೋ ತಿಳಿಯದು. ಅಷ್ಟು ಗಂಡಸರ ಎದುರು, ಮಾವನ ಎದುರು, ನನ್ನ ಧ್ವನಿ ನನಗೇ ಬೇರೆಯವರದೆನ್ನಿಸಿತು.

“ಬೇಲ್ಯಾಗ ನೋಡ್ರಿ. ಗಿಡ ಬಿಡದಿದ್ರ ಇವು ಎಲ್ಲಿಂದ ಬಂದು ಹುಟ್ಯಾವ?”

ಗಿರ್ದಾವರ ಬೇಲಿಯವರೆಗೆ ನಡೆದರು. ಗೋರಿ ಕಂಡು ತಲೆ ತಗ್ಗಿಸಿ, ತುಟಿಯೊಳಗೆ ಏನೋ ಅಂದುಕೊಂಡರು. ಆಮೇಲೆ ಸಣ್ಣ ಸಸಿಯಿಂದ ದೊಡ್ಡದರವರೆಗೆ ಒಂದೊಂದಾಗಿ ನೋಡುತ್ತಾ ಹೋದರು.

“ಕೊಡಲಿ ಬಂಡ್ಯಾಗ ಹಾಕ್ರಿ” ಅಂದರು ಗುತ್ತೇದಾರನಿಗೆ. ಕಾಗದ ತೆಗೆದು ಅಲ್ಲೇ ಮೊಣಕಾಲ ಮೇಲಿಟ್ಟು ಬರೆದರು. ಬರೆದದ್ದನ್ನು ಓದಿ ಹೇಳಿದರು. ಹತ್ತೊಂಬತ್ತೂ ಫಲದ ಗಿಡಗಳು, ಕಡಿಯಕೂಡದು. ಪಟವಾರಿಯ ದೃಷ್ಟಿ ಕೆಟ್ಟಿರುವುದರಿಂದ ದಫ್ತರಿನಲ್ಲಿ ತಪ್ಪು ಬಿದ್ದಿದೆ, ಕೆಲಸದಿಂದ ಬಿಡಿಸಬೇಕು.

ಮಾವ ತಲೆ ಎತ್ತಿದರು. “ಸಾಹೇಬ್ರ, ಬರದಾಗ ನನ್ನ ಕಣ್ಣು ಚಲೋ ಇದ್ವು.”

“ನಾ ಅದನ್ನ ಕೇಳಲಿಲ್ಲ, ರಾಯರೇ” ಅಂದರು ಗಿರ್ದಾವರ. ಕುದುರೆ ಹತ್ತಿದರು.

ಹೀಗೆ ಮಾವ ಮುಚ್ಚಿಟ್ಟಿದ್ದ ಎರಡು ಗುಟ್ಟುಗಳಲ್ಲಿ ಒಂದು ಇನ್ನೊಂದನ್ನು ಕಾಪಾಡಿತು. ಜೇಲು ತಪ್ಪಿತು, ಪಟವಾರಿಕೆ ಹೋಯಿತು. ಗಿಡ ಉಳಿದವು, ಹಣ್ಣು ಹೋಯಿತು. ಫಲದ ಗಿಡಗಳೆಂದು ಬರೆದ ಮೇಲೆ ಗಿಡದಲ್ಲಿ ತೂಗುತ್ತಿದ್ದದ್ದೆಲ್ಲ ಸರಕಾರದ್ದಾಯಿತು. ನಾವು ದಾರದಿಂದ ಕಟ್ಟಿದ್ದೂ ಸೇರಿ! ಆ ವರ್ಷದ ಹರಾಜು ಆಗಲೇ ಮುಗಿದಿತ್ತು, ಆದರೂ ಕೆಳಗಿಳಿಸಲು ಯಾರಿಗೂ ಧೈರ್ಯವಾಗಲಿಲ್ಲ. “ನಮ್ಮ ಹುಣಸಿ ನಾವ ಸರಕಾರಕ್ಕ ಕಟ್ಟಿ ಕೊಟ್ಟಂಗಾತಲ್ಲಬೇ” ಎಂದು ಹುಸೇನಬಿ ದಿನಕ್ಕೆ ಹತ್ತು ಸಲ ಅನ್ನುತ್ತಿದ್ದಳು. ಆ ವರ್ಷ ಊರು ಸಾರಿಗೆ ಹುಳಿಯಿಲ್ಲದೆ, ಮಜ್ಜಿಗೆ ಸುರಿದುಕೊಂಡು ಉಂಡಿತು. ಹಾಗೆಂದು ಕೊರಗಿದವರು ಕಡಿಮೆ. ಊಟವಾದ ಮೇಲೆ ಎಲ್ಲರೂ ಹೋಗಿ ಮಲಗುತ್ತಿದ್ದದ್ದು ಆ ನೆರಳಿಗೇ.

ಬೇಸಿಗೆ ಬಂತು. ಕೆಲಸವಿಲ್ಲದ ಮಾವನನ್ನು ಮಧ್ಯಾಹ್ನದ ಹೊತ್ತು ತೋಪಿಗೆ ಕರೆದುಕೊಂಡು ಹೋಗುವುದು ನನ್ನ ಪಾಲಿಗೆ ಬಂತು. ನಾನು ಎರಡು ಹೆಜ್ಜೆ ಮುಂದೆ, ಕೋಲಿನ ಈ ತುದಿ ನನ್ನ ಕೈಯಲ್ಲಿ, ಆ ತುದಿ ಅವರ ಕೈಯಲ್ಲಿ. ಅವರು ಬುಡಕ್ಕೆ ಒರಗಿ ಕೂರುತ್ತಿದ್ದರು. ನಾನು ಗಿಡದ ಆಚೆ ಮಗ್ಗುಲಿಗೆ, ಮರೆಯಲ್ಲಿ. ಬಾಗಿಲು ಹೋಗಿ ಹುಣಸೆಯ ಬೊಡ್ಡೆ ಬಂದಿತ್ತು ಅಷ್ಟೇ. ಓದಲು ದಫ್ತರಿಲ್ಲ. ಹಾಗಾಗಿ ಕಂಡದ್ದನ್ನೇ ಓದಿ ಹೇಳುತ್ತಿದ್ದೆ. ಕೆಮ್ಮಣ್ಣಿನ ಪಟ್ಟಿ ಅರ್ಧ ಅಳಿಸಿದೆ. ಗುಬ್ಬಿಯೊಂದು ಹಸಿರು ದಾರ ಎಳೆದು ಗೂಡಿಗೆ ಒಯ್ಯುತ್ತಿದೆ. ಚಿಗುರು ಬಂದಿದೆ, ಕೆಂಪಗೆ.

ಒಂದು ದಿನ ಬಿಸಿಗಾಳಿ ಬೀಸಿತು. ಬಿಸಿಲಿಗೆ ಸವೆದ ದಾರಗಳು ಒಂದೊಂದಾಗಿ ಹರಿಯುತ್ತಿದ್ದವು. ಟಪ್ ಅಂತ ಮಾವನ ಮಡಿಲಿಗೆ ಏನೋ ಬಿತ್ತು. ತಡವಿ ಎತ್ತಿಕೊಂಡರು.

“ಗೋದಾ, ಇದು ಸರಕಾರದ್ದೋ, ನಮ್ದೋ?”

ನಾನು ಎದ್ದು ಗಿಡ ಬಳಸಿ ಬಂದು ಅವರ ಎದುರಿಗೆ ನಿಂತೆ. ಅವರ ಅಂಗೈಯಲ್ಲಿ ಒಂದು ಹುಣಸೆಹಣ್ಣು. ತೊಟ್ಟಿಗೆ ಮಾಸಿದ ಅರಿಷಿಣದ ದಾರ, ಅದರ ಗಂಟು ನಾನೇ ಹಾಕಿದ್ದು. ನಮ್ಮ ಕಡಗಂಚಿಯಲ್ಲಿ ಹಾಕುವ ಎರಡು ಸುತ್ತಿನ ಗಂಟು ಆ ಊರಿನಲ್ಲಿ ಬೇರೆ ಯಾರಿಗೂ ಬರುತ್ತಿರಲಿಲ್ಲ.

“ನಮ್ದ್ರಿ, ಮಾವಾ” ಅಂದೆ. ನಡುವೆ ಬಾಗಿಲೂ ಇಲ್ಲ, ಬೊಡ್ಡೆಯೂ ಇಲ್ಲ.

ಅವರು ತೊಗಟೆ ಒಡೆದು, ಅರ್ಧ ನನ್ನ ಕೈಗಿಟ್ಟು, ಅರ್ಧ ಬಾಯಿಗೆ ಹಾಕಿಕೊಂಡರು. ಹುಳಿಗೆ ಅವರ ಕಾಣದ ಕಣ್ಣುಗಳು ಗಟ್ಟಿಯಾಗಿ ಮುಚ್ಚಿದವು.